ವಯಲ್ ಲೆಕ್ಕ, ರೋಗಿಯ ಲೆಕ್ಕ

2021ರ ಮೇ ತಿಂಗಳಲ್ಲಿ ಕೋವಿಡ್ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ರೋಗದ (ಮ್ಯೂಕರ್) ಚಿಕಿತ್ಸೆಗೆಂದು ರಾಜ್ಯ ಸರ್ಕಾರ ಒಂದೊಂದು ಭಾಗಕ್ಕೆ ಒಂದೊಂದು ಆಸ್ಪತ್ರೆಯನ್ನು ಗೊತ್ತುಮಾಡಿತು. ಬೆಂಗಳೂರಿಗೆ ಬೌರಿಂಗ್, ಹುಬ್ಬಳ್ಳಿಗೆ ಕಿಮ್ಸ್, ಕಲಬುರಗಿ ಸೀಮೆಗೆ ಜಿಮ್ಸ್. ಅಂದೋಲಾ, ಜೇವರ್ಗಿ, ಆಳಂದ, ಅಫಜಲಪುರದವರಿಗೆ ಇದು ಸಣ್ಣ ಮಾತಲ್ಲ. ಬ್ಯಾನಿ ಕೊಂಚ ಬಲಿತರೆ ಸೊಲ್ಲಾಪುರ, ಇಲ್ಲವೇ ಹೈದರಾಬಾದ್ ಅನ್ನುವ ಜನ ಇವರು. ಭೀಮಾ ನದಿಯ ಸೀಮೆಯಲ್ಲೇ ಒಂದು ಸರ್ಕಾರಿ ದವಾಖಾನಿ ಇಂಥ ಕಠಿಣ ರೋಗವನ್ನು ಹೊಣೆ ಹೊತ್ತು ನೋಡುತ್ತದೆ ಎಂಬುದು ಆ ಬೇಸಿಗೆಯ ಕೆಲವೇ ಒಳ್ಳೆಯ ತೀರ್ಮಾನಗಳಲ್ಲಿ ಒಂದು. ಚಿಕಿತ್ಸೆಯ ಸ್ಥಳ ಹೀಗೆ ಸರಿಹೋಯಿತು. ಆದರೆ ಅಲ್ಲಿ ನಡೆಯುವ ಚಿಕಿತ್ಸೆ ಎದುರಿಗಿರುವ ಒಬ್ಬ ರೋಗಿಯ ಮೈಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬ ಪ್ರಶ್ನೆ ಅಂದು ಅರ್ಧಕ್ಕೇ ನಿಂತಿತು. ವೈದ್ಯಕೀಯ ಸಮ್ಮೇಳನಗಳಲ್ಲಿ ಈಗ ಅದಕ್ಕೆ ‘ವ್ಯಕ್ತಿಗತ ಚಿಕಿತ್ಸೆ’ ಎಂಬ ದೊಡ್ಡ ಹೆಸರಿದೆ.

ಮೊದಲು ಔಷಧದ ಲೆಕ್ಕ ನೋಡೋಣ. ಲಿಪೊಸೋಮಲ್ ಆಂಫೊಟೆರಿಸಿನ್-ಬಿ ದಿನಕ್ಕೆ ಕಿಲೋಗೆ 5 ಮಿ.ಗ್ರಾಂ. ಅರವತ್ತು ಕಿಲೋ ತೂಗುವವರಿಗೆ 300 ಮಿ.ಗ್ರಾಂ, ಅಂದರೆ 50 ಮಿ.ಗ್ರಾಂನ ಆರು ವಯಲ್. ಸೋಂಕು ಮಿದುಳಿಗೆ ಏರಿದ್ದರೆ ಪ್ರಮಾಣ ಇನ್ನೂ ಹೆಚ್ಚು. ಇದು ವಾರಗಟ್ಟಲೆ ನಡೆಯಬೇಕು. ಆ ದಿನಗಳಲ್ಲಿ ವಯಲ್‌ಗಳನ್ನು ಕೇಂದ್ರ ಸರ್ಕಾರ ರಾಜ್ಯಗಳಿಗೆ, ರಾಜ್ಯ ಆಸ್ಪತ್ರೆಗಳಿಗೆ ಹಂಚುತ್ತಿತ್ತು. ಕೊರತೆಯ ವಿಚಾರ ಹೈಕೋರ್ಟ್‌ವರೆಗೂ ಹೋಯಿತು. ಜೂನ್ 12ರಂದು ಜಿಎಸ್‌ಟಿ ಮಂಡಳಿ ಈ ಔಷಧದ ತೆರಿಗೆಯನ್ನು ಶೂನ್ಯಕ್ಕಿಳಿಸಿತು. ತೆರಿಗೆ ಇಳಿದರೆ ವಯಲ್ ಹುಟ್ಟುವುದಿಲ್ಲವಲ್ಲ! ಹಂಚಿಕೆ ನಡೆದದ್ದು ರೋಗಿಗಳ ತಲೆ ಎಣಿಸಿ. ಔಷಧ ಇಳಿಯಬೇಕಾದದ್ದು ತೂಕ ನೋಡಿ, ಸೋಂಕು ಎಲ್ಲಿಯವರೆಗೆ ಏರಿದೆ ನೋಡಿ, ಕಿಡ್ನಿ ಏನನ್ನುತ್ತದೆ ನೋಡಿ. ಈ ಎರಡು ಲೆಕ್ಕ ಕೂಡಿಬರದ ಕಡೆ ಹಾಸಿಗೆಯ ಪಕ್ಕ ನಿಂತ ವೈದ್ಯರನ್ನು ದೂರುವುದು ಅನ್ಯಾಯ. ವ್ಯವಸ್ಥೆಯನ್ನು ದೂರದಿರುವುದೂ ಅಷ್ಟೇ ಅನ್ಯಾಯ.

ಲಿಪೊಸೋಮಲ್ ಸಿಗದಾಗ ಹಳೆಯ, ಅಗ್ಗದ ಆಂಫೊಟೆರಿಸಿನ್ ಇದ್ದೇ ಇತ್ತು. ವೆನೆಜುವೆಲಾದ ಒರಿನೊಕೊ ನದಿ ಸೀಮೆಯ ಮಣ್ಣಿನ ಸೂಕ್ಷ್ಮಾಣುವಿನಿಂದ 1950ರ ದಶಕದಲ್ಲಿ ಬಂದ ಔಷಧ ಇದು. ಶಿಲೀಂಧ್ರವನ್ನು ಕೊಲ್ಲುವುದರಲ್ಲಿ ಗಟ್ಟಿ, ಕಿಡ್ನಿಯನ್ನು ಕೆಡಿಸುವುದರಲ್ಲೂ ಅಷ್ಟೇ ಗಟ್ಟಿ. ಇದರ ಪ್ರಮಾಣ ಕಿಲೋಗೆ ಸುಮಾರು 1 ಮಿ.ಗ್ರಾಂ ಮಾತ್ರ. ಎರಡಕ್ಕೂ ಹೆಸರು ಒಂದೇ, ಪ್ರಮಾಣ ಐದು ಪಟ್ಟು ಬೇರೆ. ಒಂದರ ಲೆಕ್ಕದಲ್ಲಿ ಇನ್ನೊಂದನ್ನು ಏರಿಸಿದರೆ ಜೀವಕ್ಕೇ ಅಪಾಯ. ಮತ್ತೊಂದು ತೊಡಕು: ಆಂಫೊಟೆರಿಸಿನ್ ಉಪ್ಪುನೀರಿನ ಸಲೈನ್‌ಗೆ ಹೊಂದುವುದಿಲ್ಲ, ಶೇ 5ರ ಡೆಕ್ಸ್‌ಟ್ರೋಸ್‌ನಲ್ಲೇ ಬೆರೆಸಿ ಕೊಡಬೇಕು. ಸಕ್ಕರೆ ಕಾಯಿಲೆಯಿಂದಲೇ ಈ ಸೋಂಕಿಗೆ ಸಿಕ್ಕಿಬಿದ್ದವರ ರಕ್ತನಾಳಕ್ಕೆ ದಿನವೂ ಸಕ್ಕರೆ ನೀರು! ಹಾಗಾಗಿ ಇನ್ಸುಲಿನ್ ಪ್ರಮಾಣವನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಕಿಡ್ನಿ ಉಳಿಸಲು ಔಷಧಕ್ಕೆ ಮೊದಲು ಸಲೈನ್ ಬೇರೆಯಾಗಿ ಕೊಡಬೇಕು. ಪೊಟ್ಯಾಸಿಯಂ ಕುಸಿಯುತ್ತದೆ, ಅದನ್ನು ತುಂಬಬೇಕು. ಕ್ರಿಯಾಟಿನಿನ್ ಏರಿದರೆ ಅಲ್ಲಿಂದ ಮುಂದಿನ ದಾರಿಯೇ ಬೇರೆ. ಇವೆಲ್ಲ ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ, ಒಂದು ದಿನದಿಂದ ಮರುದಿನಕ್ಕೆ ಬದಲಾಗುವಂಥವು. ನನ್ನ ಮಟ್ಟಿಗೆ ವ್ಯಕ್ತಿಗತ ಚಿಕಿತ್ಸೆಯ ಮುಕ್ಕಾಲು ಪಾಲು ಇದೇ. ಇದಕ್ಕೆ ಬೇಕಾದದ್ದು ತೂಕದ ಯಂತ್ರ, ಸಂಜೆಯೊಳಗೆ ವರದಿ ಕೊಡುವ ಪ್ರಯೋಗಾಲಯ, ಮತ್ತು ಆ ವರದಿಯನ್ನು ರಾತ್ರಿ ಪಾಳಿಯಲ್ಲೂ ಓದುವ ಒಬ್ಬರು.

ಸಮ್ಮೇಳನಗಳ ಮಾತು ಬೇರೆ. ಅಲ್ಲಿ ವ್ಯಕ್ತಿಗತ ಎಂದರೆ ಜೀನ್. ಆ ವಾದದಲ್ಲಿ ತಿರುಳಿಲ್ಲ ಎಂದೇನಲ್ಲ. ಆಸ್ಪರ್ಜಿಲ್ಲಸ್ ಎಂಬ ಇನ್ನೊಂದು ಶಿಲೀಂಧ್ರದ ಸೋಂಕಿಗೆ ಕೊಡುವ ವೊರಿಕೊನಜೋಲನ್ನು ಯಕೃತ್ತಿನಲ್ಲಿ ಕರಗಿಸುವುದು ಮುಖ್ಯವಾಗಿ ಸಿವೈಪಿ2ಸಿ19 ಎಂಬ ಕಿಣ್ವ. ಇದು ಕೆಲವರಲ್ಲಿ ತೀರ ನಿಧಾನ, ಕೆಲವರಲ್ಲಿ ಅತಿ ಚುರುಕು. ತೀರ ನಿಧಾನದವರು ಯುರೋಪಿನಲ್ಲಿ ನೂರಕ್ಕೆ ಎರಡರಿಂದ ಐದು ಮಂದಿ. ದಕ್ಷಿಣ ಭಾರತದಲ್ಲಿ, ಪುದುಚೇರಿಯ ಜಿಪ್‌ಮರ್ ಸಂಶೋಧಕರು ತಮಿಳರಲ್ಲಿ ಮಾಡಿದ ಅಧ್ಯಯನಗಳ ಪ್ರಕಾರ, ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು. ಅಂಥವರಿಗೆ ಮಾಮೂಲಿ ಮಾತ್ರೆಯೇ ವಿಷದ ಮಟ್ಟಕ್ಕೆ ಏರಬಹುದು: ಕಣ್ಣೆದುರು ಬಣ್ಣಗಳು ಕದಡುತ್ತವೆ, ಯಕೃತ್ತು ಕೆಡುತ್ತದೆ, ಇಲ್ಲದ್ದು ಕಾಣಿಸುತ್ತದೆ. ಚುರುಕಿನವರಿಗೆ ಅದೇ ಮಾತ್ರೆ ನೀರಿಗೆ ಸಮ.

ಆದರೂ ಜೀನ್ ಹೇಳುವುದು ಕಥೆಯ ಒಂದು ಭಾಗವನ್ನಷ್ಟೇ. ಮೈಯಲ್ಲಿ ಉರಿಯೂತ ಇದ್ದರೆ ಕಿಣ್ವ ಮಂದವಾಗುತ್ತದೆ. ಯಕೃತ್ತು ಮೊದಲೇ ಕೆಟ್ಟಿದ್ದರೆ ಲೆಕ್ಕ ಮತ್ತೆ ತಪ್ಪುತ್ತದೆ. ಕ್ಷಯಕ್ಕೆ ರಿಫಾಂಪಿಸಿನ್ ನುಂಗುತ್ತಿರುವವರಲ್ಲಂತೂ ವೊರಿಕೊನಜೋಲ್ ರಕ್ತದಲ್ಲಿ ನಿಲ್ಲುವುದೇ ಇಲ್ಲ. ಅವೆರಡನ್ನು ಜೊತೆಗೆ ಕೊಡಲೇಬಾರದು. ಕ್ಷಯ ಬಂದುಹೋದ ಶ್ವಾಸಕೋಶದ ಪೊಳ್ಳಿನಲ್ಲೇ ಆಸ್ಪರ್ಜಿಲ್ಲಸ್ ಮನೆ ಮಾಡುವುದು ಹೆಚ್ಚು. ಕ್ಷಯ ಮರುಕಳಿಸಿತೋ, ಶಿಲೀಂಧ್ರ ಬಂತೋ ಎಂಬ ಗೊಂದಲದಲ್ಲಿ ಎರಡಕ್ಕೂ ಔಷಧ ಬೀಳುವ ಸಂದರ್ಭ ನಮ್ಮಲ್ಲಿ ಅಪರೂಪವಲ್ಲ. ಅಲ್ಲಿ ರೋಗಿಯ ಜೀನ್‌ಗಿಂತ ರೋಗಿಯ ಕೈಚೀಲದಲ್ಲಿರುವ ಗುಳಿಗೆಗಳನ್ನು ತೆಗೆದು ನೋಡುವುದು ಮೊದಲ ಕೆಲಸ. ಗ್ಯಾಸ್ ಗುಳಿಗೆ ಎಂದು ಎಲ್ಲ ಚೀಟಿಯಲ್ಲೂ ಕಣ್ಣುಮುಚ್ಚಿ ಬರೆಯುವ ಪ್ಯಾಂಟೊಪ್ರಜೋಲ್‌ನದೂ ಇದೇ ತಕರಾರು. ಶಿಲೀಂಧ್ರಕ್ಕೆ ಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಇರಬೇಕು, ಊಟವೂ ಬಿದ್ದಿರಬೇಕು. ಆಮ್ಲವನ್ನು ಒಂದು ಗುಳಿಗೆಯಿಂದ ಅಡಗಿಸಿ, ಇನ್ನೊಂದು ಗುಳಿಗೆ ಕೆಲಸ ಮಾಡಲಿಲ್ಲವೆಂದು ಹೆಚ್ಚು ದುಬಾರಿಯದಕ್ಕೆ ಹಾರುವುದು ಯಾವ ಜಾಣತನ?

ಹಾಗಾಗಿ ಜೀನ್ ಪರೀಕ್ಷೆಗಿಂತ ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಅಳೆಯುವುದೇ ಹೆಚ್ಚು ನೇರವಾದ ದಾರಿ. ವೊರಿಕೊನಜೋಲ್ ಲೀಟರಿಗೆ 1ರಿಂದ 5.5 ಮಿ.ಗ್ರಾಂ ನಡುವೆ ನಿಲ್ಲಬೇಕು ಎಂಬುದು ಸಾಮಾನ್ಯ ಗುರಿ. ಕೊರಿಯಾದ ವೈದ್ಯರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 110 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಅಡ್ಡ ಪರಿಣಾಮದಿಂದ ಔಷಧ ನಿಲ್ಲಿಸಬೇಕಾಗಿ ಬಂದವರು, ಅಳೆದು ಕೊಟ್ಟ ಗುಂಪಿನಲ್ಲಿ ಶೇ 4, ಅಳೆಯದ ಗುಂಪಿನಲ್ಲಿ ಶೇ 17. ಗುಣ ಕಂಡವರು ಶೇ 81 ಮತ್ತು ಶೇ 57. ಸಣ್ಣ ಪ್ರಯೋಗ, ಒಂದೇ ಆಸ್ಪತ್ರೆಯದು, ಅದನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಿಲ್ಲ. ಆದರೆ ಒಂದು ರಕ್ತದ ಮಾದರಿಯಿಂದ ಇಷ್ಟು ಲಾಭ ಕೊಡುವ ಬೇರೆ ಪರೀಕ್ಷೆ ಈ ಕ್ಷೇತ್ರದಲ್ಲಿ ನನಗೆ ಕಂಡಿಲ್ಲ.

ವ್ಯಕ್ತಿಗತ ಚಿಕಿತ್ಸೆಯ ವಕೀಲರಿಗೆ ಇರಿಸುಮುರಿಸು ತರುವ ಇನ್ನೊಂದು ಸಾಕ್ಷ್ಯವಿದೆ. ಎಚ್‌ಐವಿ ಇರುವವರಲ್ಲಿ ಮಿದುಳ ಪೊರೆಗೆ ತಗಲುವ ಕ್ರಿಪ್ಟೊಕಾಕಸ್ ಶಿಲೀಂಧ್ರದ ಸೋಂಕಿನ ಬಗ್ಗೆ ಆಫ್ರಿಕಾದ ಐದು ದೇಶಗಳಲ್ಲಿ ನಡೆದ ‘ಆಂಬಿಷನ್’ ಪ್ರಯೋಗ 2022ರಲ್ಲಿ ಹೊರಬಂತು. ಲಿಪೊಸೋಮಲ್ ಆಂಫೊಟೆರಿಸಿನ್ ಕಿಲೋಗೆ 10 ಮಿ.ಗ್ರಾಂ, ಒಂದೇ ಒಂದು ಸಲ. ಜೊತೆಗೆ ಎರಡು ವಾರ ಫ್ಲೂಸೈಟೊಸಿನ್ ಮತ್ತು ಫ್ಲುಕೊನಜೋಲ್. ಹತ್ತು ವಾರದೊಳಗಿನ ಸಾವು ಶೇ 24.8. ಹಳೆಯ ಪದ್ಧತಿಯಲ್ಲಿ ಶೇ 28.7. ಹೊಸದು ಹಳೆಯದಕ್ಕಿಂತ ಕಡಿಮೆಯೇನಲ್ಲ ಎಂಬುದು ಸಿದ್ಧವಾಯಿತು, ಅಡ್ಡ ಪರಿಣಾಮವೂ ಇಳಿಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. ಯಾರ ಜೀನನ್ನೂ ನೋಡಲಿಲ್ಲ, ತೂಕ ಮಾತ್ರ ನೋಡಿದರು. ದವಾಖಾನಿಯಲ್ಲಿ ಎರಡು ವಾರ ಕೂಲಿ ಬಿಟ್ಟು ಕೂರಲಾಗದವರಿಗೆ, ಕಿಡ್ನಿ ಪರೀಕ್ಷೆ ದಿನವೂ ಸಾಧ್ಯವಿಲ್ಲದ ಆಸ್ಪತ್ರೆಗೆ, ಎಲ್ಲರಿಗೂ ಒಂದೇ ಆದ ಸರಳ ಕ್ರಮವೇ ಹೆಚ್ಚು ಒಗ್ಗಿತು. ವ್ಯಕ್ತಿ ಎಂದರೆ ಜೀನ್ ಮಾತ್ರವೇ ಎಂಬ ನಂಬಿಕೆಯನ್ನು ಈ ಫಲಿತಾಂಶ ಚೆನ್ನಾಗಿಯೇ ಅಲುಗಿಸುತ್ತದೆ.

ಮ್ಯೂಕರ್‌ಗೆ ಅಂಥ ಸರಳ ದಾರಿ ಸದ್ಯಕ್ಕಿಲ್ಲ. ಅದಕ್ಕೆ ವೊರಿಕೊನಜೋಲ್ ಹತ್ತುವುದೇ ಇಲ್ಲ. ಆದ್ದರಿಂದ ಮೂಗಿನೊಳಗಿನ ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ನೋಡುವ ತನಕ, ಅಗಲವಾದ ಅಡ್ಡಗೋಡೆಯಿಲ್ಲದ ಎಳೆಗಳೋ, ಸಣ್ಣ ಅಡ್ಡಗೋಡೆಯ ಎಳೆಗಳೋ ಗೊತ್ತಾಗುವ ತನಕ, ಔಷಧದ ಆಯ್ಕೆ ಅರ್ಧ ಊಹೆ. ಭಾರತದಲ್ಲಿ ಈ ರೋಗ ತರುವ ಶಿಲೀಂಧ್ರಗಳಲ್ಲಿ ರೈಜೋಪಸ್ ಜೊತೆಗೆ ಅಪೊಫೈಸೊಮೈಸಿಸ್ ಕೂಡ ಗಣನೀಯ ಎಂದು ಚಂಡೀಗಢದ ಪಿಜಿಐನಲ್ಲಿ ಅರುಣಾಲೋಕ ಚಕ್ರವರ್ತಿ ಮತ್ತವರ ತಂಡ ವರ್ಷಗಟ್ಟಲೆ ದಾಖಲಿಸಿದೆ. ಶಸ್ತ್ರಚಿಕಿತ್ಸೆಯಲ್ಲಿ ಸತ್ತ ಅಂಗಾಂಶವನ್ನು ಎಷ್ಟು ತೆಗೆಯಬೇಕು, ಕಣ್ಣನ್ನು ಉಳಿಸಬಹುದೇ ಎಂಬುದಂತೂ ಯಾವ ಮಾರ್ಗಸೂಚಿಯೂ ದೂರದಿಂದ ಹೇಳಲಾಗದ ನಿರ್ಧಾರ.

2021ರ ಜೂನ್ 28ರ ಹೊತ್ತಿಗೆ ಕೇಂದ್ರ ಸರ್ಕಾರ ಕೊಟ್ಟ ಅಂಕಿ ಹೀಗಿದೆ: ದೇಶದಲ್ಲಿ ಕಪ್ಪು ಶಿಲೀಂಧ್ರದ 40,845 ಪ್ರಕರಣ, 3,129 ಸಾವು, ಶೇ 64ರಷ್ಟು ಮಂದಿಗೆ ಸಕ್ಕರೆ ಕಾಯಿಲೆ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಸ್ಟಿರಾಯ್ಡ್. ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿ.ಗ್ರಾಂ ಡೆಕ್ಸಾಮೆಥಾಸೋನ್, ಹತ್ತು ದಿನದೊಳಗೆ ಎಂಬ ಮಿತಿಯನ್ನು ಬ್ರಿಟನ್ನಿನ ರಿಕವರಿ ಪ್ರಯೋಗ 2020ರಲ್ಲೇ ಹಾಕಿಕೊಟ್ಟಿತ್ತು. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಅಲ್ಲೇ ತೂಗಿದ್ದರೆ ಶಿಲೀಂಧ್ರದವರೆಗೆ ಬರಬೇಕಿರದವರು ಎಷ್ಟೋ. ರೋಗಿಯನ್ನು ಬಿಡಿಯಾಗಿ ನೋಡುವ ಕೆಲಸ ಶಿಲೀಂಧ್ರ ಬಂದಮೇಲೆ ಶುರುವಾಗುವಂಥದ್ದಲ್ಲ. ಕಿಡ್ನಿ ಕಸಿಯಾದವರ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯನ್ನು ಎಷ್ಟು ಇಳಿಸಬೇಕು, ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆಯಲ್ಲಿ ಕಿಮೋ ಪಡೆಯುವವರ ಬಿಳಿ ರಕ್ತಕಣ ಯಾವಾಗ ಕುಸಿಯುತ್ತದೆ ಎಂಬುದೂ ಇದೇ ಲೆಕ್ಕಕ್ಕೆ ಸೇರಿದ್ದು.

ಕಲಬುರಗಿಗೆ ಜೀನ್ ಪರೀಕ್ಷೆ ಬರುವುದಾದರೆ ಬರಲಿ. ಅದೇ ಸಿವೈಪಿ2ಸಿ19 ಹೃದ್ರೋಗಿಗಳ ಕ್ಲೊಪಿಡೊಗ್ರೆಲ್‌ಗೂ ಬೇಕು. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಅಲ್ಲೇ ಇದೆ, ಯಂತ್ರಕ್ಕೆ ಕೆಲಸ ಕಡಿಮೆಯಾಗದು. ಶಿಲೀಂಧ್ರ ರೋಗಿಗಳಿಗೆ ಅದಕ್ಕೂ ಮುಂಚೆ ಬೇಕಾದದ್ದು ಔಷಧದ ಮಟ್ಟ ಅಳೆಯುವ ಒಂದು ಸರ್ಕಾರಿ ಪ್ರಯೋಗಾಲಯ, ಮತ್ತು ಬಿಡುಗಡೆಯಾಗಿ, ಶಿಲೀಂಧ್ರ ತಡೆಯುವ ಪೊಸಕೊನಜೋಲ್ ಮಾತ್ರೆಯೊಂದಿಗೆ ಅಂದೋಲಾಕ್ಕೆ ಮರಳುವವರ ಕೈಯಲ್ಲೊಂದು ಕಾರ್ಡು. ತೂಕ, ಸಕ್ಕರೆ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಹೆಸರು, ಮುಂದಿನ ಪರೀಕ್ಷೆಯ ತಾರೀಖು. ಕನ್ನಡದಲ್ಲಿ ಬರೆದಿರಲಿ, ಆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಓದಿ ತಿದ್ದುವಂತಿರಲಿ.