ವಾಸಿಯಾಯಿತೆನ್ನುವ ಆತುರ

ಬೆಳಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟಲು ಬಂದರೆ ಸಾಕು, ಸಂಧಿವಾತ ವಾಸಿಯಾಯಿತೆಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಡುತ್ತಾರೆ. ‘ನೋವೇ ಇಲ್ಲವಲ್ಲ, ಇನ್ನೂ ಯಾಕೆ ಆ ಮಾತ್ರೆ? ಲಿವರ್ ಹಾಳಾಗುತ್ತೆ.’ ರುಮಟಾಯ್ಡ್ ಆರ್ಥರೈಟಿಸ್ ಇರುವ ನನ್ನ ದೊಡ್ಡಮ್ಮನಿಗೂ ಹೀಗೇ ಹೇಳಿದ್ದೆವು. ಹೇಳಿದವರಲ್ಲಿ ನಾನೂ ಒಬ್ಬಳು. ವಾರಕ್ಕೊಮ್ಮೆ ನುಂಗುತ್ತಿದ್ದ ಮೆಥೊಟ್ರೆಕ್ಸೇಟ್ ಬಿಟ್ಟ ಕೆಲವೇ ತಿಂಗಳಿಗೆ ಒಗೆದ ಸೀರೆಯನ್ನು ಹಿಂಡಲಾಗದೆ ನಲ್ಲಿಯ ಮೇಲೆ ಇಳಿಬಿಟ್ಟು, ನೀರು ತಾನಾಗಿ ಸೋರಲಿ ಎಂದು ಕಾಯುತ್ತಾ ನಿಂತಿದ್ದರು.

‘ರೆಮಿಷನ್’ ಎಂದರೆ ಪೂರ್ತಿ ಗುಣ ಎಂದುಕೊಂಡದ್ದೇ ಈ ತಪ್ಪಿನ ಬೇರು. ಅದು ಉಪಶಮನ. ಕೀಲಿನ ಒಳಪೊರೆಯ ಮೇಲೆ ದೇಹವೇ ನಡೆಸುವ ದಾಳಿಯನ್ನು ಹೆಚ್ಚಿನವರಲ್ಲಿ ಔಷಧ ಹಿಡಿದಿಟ್ಟಿರುತ್ತದೆ. ಉಪಶಮನದಲ್ಲಿದ್ದವರನ್ನೇ ಆರಿಸಿಕೊಂಡು ನಾರ್ವೆಯಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಮೆಥೊಟ್ರೆಕ್ಸೇಟ್‌ನಂಥ ಔಷಧವನ್ನು ಅರ್ಧಕ್ಕಿಳಿಸಿದವರಲ್ಲಿ ಶೇ. 25ರಷ್ಟು ಮಂದಿಗೆ ವರ್ಷದೊಳಗೆ ರೋಗ ಕೆರಳಿತು, ಇಳಿಸದವರಲ್ಲಿ ಶೇ. 6ರಷ್ಟು ಮಂದಿಗೆ. ಅರ್ಧ ಡೋಸಿನಲ್ಲೂ ಮುಕ್ಕಾಲು ಪಾಲು ಜನ ಚೆನ್ನಾಗಿಯೇ ಇದ್ದರೆಂಬುದನ್ನೂ ಮರೆಯಬಾರದು. ಔಷಧ ಇಳಿಸಲೇಬಾರದೆಂದು ನಾನು ವಾದಿಸುತ್ತಿಲ್ಲ. ಇಳಿಸುವುದಾದರೆ ವೈದ್ಯರು ನೋಡಿಕೊಂಡು, ಮೊದಲು ಸ್ಟೀರಾಯ್ಡ್ ಬಿಡಿಸಿ, ಆಮೇಲೆ ಉಳಿದದ್ದನ್ನು ನಿಧಾನವಾಗಿ ಇಳಿಸಬೇಕು. ಲಿವರ್‌ನ ಭಯವಿದ್ದರೆ ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸೋಣ, ನಾವೇ ಮಾತ್ರೆ ನಿಲ್ಲಿಸುವುದು ಬೇಡ.

‘ರಿಪೋರ್ಟ್ ನಾರ್ಮಲ್, ಇನ್ನೇನು’ ಎನ್ನುವ ಮಾತನ್ನೂ ನಾನು ಒಪ್ಪಲಾರೆ. ಉಪಶಮನವನ್ನು ಗುರುತಿಸಲು ಅಮೆರಿಕ, ಯುರೋಪಿನ ತಜ್ಞರು ಸೇರಿ 2011ರಲ್ಲಿ ಕೊಟ್ಟ ಅಳತೆಗೋಲಿನಲ್ಲಿ, ಉರಿಯೂತ ತೋರಿಸುವ ರಕ್ತದ ಸಿಆರ್‌ಪಿ ನಾಲ್ಕರಲ್ಲಿ ಒಂದು ಮಾತ್ರ. ಒತ್ತಿದರೆ ನೋಯುವ ಕೀಲು ಒಂದಕ್ಕಿಂತ ಹೆಚ್ಚಿರಬಾರದು, ಊದಿದ ಕೀಲೂ ಅಷ್ಟೇ. ನಾಲ್ಕನೆಯದು ರೋಗಿಯೇ ತನಗೆ ಹೇಗನಿಸುತ್ತದೆಂದು ಹತ್ತರಲ್ಲಿ ಕೊಟ್ಟುಕೊಳ್ಳುವ ಅಂಕ. ಅದು ಒಂದನ್ನು ಮೀರಬಾರದೆಂದಿದ್ದದ್ದನ್ನು 2022ರಲ್ಲಿ ಎರಡಕ್ಕೆ ಸಡಿಲಿಸಿದರು, ಕೈಬಿಡಲಿಲ್ಲ. ಮನೆಗಳಲ್ಲಿ ಎಲ್ಲರೂ ಹೆದರುವ ‘ಆರ್‌ಎ ಫ್ಯಾಕ್ಟರ್’ ಈ ಪಟ್ಟಿಯಲ್ಲೇ ಇಲ್ಲ. ಉಪಶಮನದಲ್ಲೂ ಅದು ಪಾಸಿಟಿವ್ ಆಗಿಯೇ ಉಳಿಯಬಹುದು.

ಸಾಮಾನ್ಯವಾಗಿ ಪರೀಕ್ಷಿಸುವ 28 ಕೀಲುಗಳ ಎಣಿಕೆಯಲ್ಲಿ ಪಾದಗಳೇ ಸೇರುವುದಿಲ್ಲ. ಮತ್ತೆ ಔಷಧ ಶುರುಮಾಡಿದ ಮೇಲೆ ದೊಡ್ಡಮ್ಮನ ಕೈ ಸರಿಹೋಯಿತು, ಸಿಆರ್‌ಪಿಯೂ ಇಳಿಯಿತು. ವೈದ್ಯರ ಮುಂದಿನಿಂದ ನಾವೆಲ್ಲ ನಿರಾಳವಾಗಿ ಏಳುವಷ್ಟರಲ್ಲಿ ಅವರು ಮೆಲ್ಲಗೆ, ‘ಡಾಕ್ಟ್ರೇ, ನಡೆದರೆ ಜಲ್ಲಿಕಲ್ಲಿನ ಮೇಲೆ ನಡೆದಂಗಾಗುತ್ತೆ’ ಅಂದರು. ವೈದ್ಯರು ಚಪ್ಪಲಿ ಬಿಡಿಸಿ, ಬೆರಳುಗಳ ಬುಡವನ್ನು ಒಂದೊಂದಾಗಿ ಒತ್ತಿದರು. ಮೂರನೆಯದಕ್ಕೆ ದೊಡ್ಡಮ್ಮ ಕಾಲೆಳೆದುಕೊಂಡರು.