ಗುಜರಾತಿನ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಓದು-ಬರಹ: ಒಂದು ವಿಮರ್ಶೆ

ಇಂಗ್ಲಿಷನ್ನು ಯಾವ ಇಯತ್ತೆಯಿಂದ ಕಲಿಸತಕ್ಕದ್ದು ಎಂಬ ವಿಷಯ ಗುಜರಾತಿನಲ್ಲಿ ಬಹುಕಾಲದಿಂದ ಚರ್ಚಿತವಾಗುತ್ತ ಬಂದಿದೆ. ಆದರೆ ತರಗತಿಯಲ್ಲಿ ಕುಳಿತ ಮಗು ಆ ಭಾಷೆಯಲ್ಲಿ ಏನನ್ನು ಓದುತ್ತದೆ, ಓದಿದ ಮೇಲೆ ತನ್ನದೆನ್ನಬಹುದಾದ ಒಂದು ವಾಕ್ಯವನ್ನಾದರೂ ಬರೆಯುತ್ತದೆಯೇ ಎಂಬುದಕ್ಕೆ ಅಷ್ಟು ಗಮನ ದೊರೆತಿಲ್ಲ. ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಹತ್ತಿರದ್ದು.

ಮೊದಲನೆಯ ಚರ್ಚೆಯನ್ನು ಹಗುರವಾಗಿ ಕಾಣುವಂತಿಲ್ಲ. ಗುಜರಾತ್ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಮಗನಭಾಯಿ ದೇಸಾಯಿಯವರು ಎಂಟನೆಯ ಇಯತ್ತೆಗೆ ಮುನ್ನ ಇಂಗ್ಲಿಷ್ ಬೇಡವೆಂದರು. ಉನ್ನತ ಶಿಕ್ಷಣವೂ ಜನಭಾಷೆಯಲ್ಲೇ ನಡೆಯಬೇಕೆಂದರು. ಗುಜರಾತಿ ಅಥವಾ ಹಿಂದಿಯನ್ನೇ ಏಕಮಾತ್ರ ಮಾಧ್ಯಮವಾಗಿ ಹೇರುವ ಅಧಿಕಾರ ವಿಶ್ವವಿದ್ಯಾನಿಲಯಕ್ಕಿಲ್ಲವೆಂದು ಮುಧೋಳ್ಕರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ೧೯೬೨ರಲ್ಲಿ ತೀರ್ಪಿತ್ತಿತು. ೨೦೨೩ರ ಕಾನೂನು ಒಂದರಿಂದ ಎಂಟನೆಯ ತರಗತಿಯವರೆಗೆ ಎಲ್ಲ ಶಾಲೆಗಳಲ್ಲೂ ಗುಜರಾತಿಯನ್ನು ಕಡ್ಡಾಯಗೊಳಿಸಿತು. ಇವೆಲ್ಲವೂ ಭಾಷೆಗಳಿಗೆ ಸ್ಥಾನ ನಿರ್ಣಯಿಸುವ ಪ್ರಯತ್ನಗಳು. ಸ್ಥಾನ ಗೊತ್ತಾದ ಮಾತ್ರಕ್ಕೆ ಓದು ಸಿದ್ಧಿಸಿತೆಂದು ಹೇಳಲಾಗದು.

ಓದು ಸಿದ್ಧಿಸದಿರುವುದೂ ಹೊಸ ಸಂಗತಿಯಲ್ಲ. ೧೮೯೩ರಿಂದ ಬರೋಡಾ ಸಂಸ್ಥಾನದ ಸೇವೆಯಲ್ಲಿದ್ದು ಅಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದ ಅರವಿಂದ ಘೋಷರು ಮುಂದೆ ತಮ್ಮ ಅನುಭವವನ್ನು ಶಿಷ್ಯರಿಗೆ ಹೇಳಿದ್ದುಂಟು. ಅವರ ವಿದ್ಯಾರ್ಥಿಗಳು ಉಪನ್ಯಾಸವನ್ನು ಅಕ್ಷರಶಃ ಬರೆದುಕೊಂಡು ಕಂಠಪಾಠ ಮಾಡುತ್ತಿದ್ದರು. ಅದು ಸಾಲದೆಂದು ಮುಂಬಯಿಯ ಪ್ರಾಧ್ಯಾಪಕರ ಟಿಪ್ಪಣಿಗಳನ್ನೂ ತರಿಸಿಕೊಳ್ಳುತ್ತಿದ್ದರು. ಸದಿಯವರ ನೆಲ್ಸನ್ ಚರಿತ್ರೆಯನ್ನು ಪಾಠ ಹೇಳುತ್ತಿದ್ದಾಗ, ಗುರುಗಳ ಮಾತು ಪುಸ್ತಕದ ಟಿಪ್ಪಣಿಗೆ ಹೊಂದುತ್ತಿಲ್ಲವೆಂದು ವಿದ್ಯಾರ್ಥಿಗಳು ಆಕ್ಷೇಪಿಸಿದರಂತೆ. ತಾವು ಟಿಪ್ಪಣಿಯನ್ನು ಓದಿಯೇ ಇಲ್ಲವೆಂದು ಅವರು ಉತ್ತರಿಸಿದರಂತೆ. ಈ ಪ್ರಸಂಗ ಕೇವಲ ನಗುವಿಗೆ ತಕ್ಕದ್ದಲ್ಲ. ಗುರು ಗ್ರಂಥವನ್ನು ಓದಿದ್ದರು, ಶಿಷ್ಯರು ಟಿಪ್ಪಣಿಯನ್ನು ಓದಿದ್ದರು. ಇಬ್ಬರ ನಡುವೆ ಗ್ರಂಥವೇ ಕಾಣೆಯಾಗಿತ್ತು.

ಅಂದಿನ ಟಿಪ್ಪಣಿ ಇಂದು ಗೈಡಾಗಿದೆ. ಅಹಮದಾಬಾದಿನ ನಮ್ಮ ಪರಿಚಿತರ ಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಇಂಗ್ಲಿಷ್ ಪಠ್ಯವನ್ನೂ ನೋಟುಬುಕ್ಕನ್ನೂ ನೋಡುವ ಅವಕಾಶ ಒದಗಿತು. ಪಠ್ಯದ ಗದ್ಯಖಂಡದ ಕೆಳಗಿನ ಪ್ರಶ್ನೆಗಳಿಗೆ ಉತ್ತರಗಳೆಲ್ಲವೂ ಸರಿ; ಪ್ರಶ್ನೆಯಲ್ಲಿನ ಶಬ್ದ ಖಂಡದಲ್ಲಿ ಎಲ್ಲಿದೆಯೋ ಆ ವಾಕ್ಯವನ್ನು ಎತ್ತಿ ಬರೆದಿದ್ದಳು. ಖಂಡದ ಅರ್ಥವನ್ನು ಕೇಳಿದರೆ ಸುಮ್ಮನಾದಳು. ‘ಮರೆಯಲಾಗದ ಪ್ರಯಾಣ’ ಎಂಬ ಪ್ರಬಂಧದಲ್ಲಿ ತಾನೆಂದೂ ಕಾಣದ ಹಿಮಗಿರಿಯೊಂದರ ವರ್ಣನೆಯಿತ್ತು. ಗೆಳತಿಯರೂ ಅದನ್ನೇ ಬರೆದಿದ್ದರಂತೆ. ಪ್ರತಿ ಬೇಸಿಗೆಯಲ್ಲಿ ರೈಲಿನಲ್ಲಿ ಧಾರವಾಡ ಸೀಮೆಯ ಅಜ್ಜಿಯ ಊರಿಗೆ ಹೋಗುವ ಹುಡುಗಿ ಅವಳು. ಭರೂಚಿನ ಬಳಿ ನರ್ಮದೆ ಬಂದಾಗ ತಾಯಿ ಹೊಳೆಗೆ ನಾಣ್ಯ ಎಸೆಯುವುದನ್ನು, ಮುಂದೆ ನಿಲ್ದಾಣದ ಫಲಕಗಳ ಲಿಪಿ ಒಂದೊಂದಾಗಿ ಬದಲಾಗುವುದನ್ನು ನಮಗೆ ಕನ್ನಡದಲ್ಲಿ ಸೊಗಸಾಗಿ ಹೇಳಿದಳು. “ಅದನ್ನೇ ಯಾಕ ಬರೀಲಿಲ್ಲವ್ವಾ?” ಎಂದರೆ, “ಅದು ಪರೀಕ್ಷೆಗೆ ನಡಿಯಂಗಿಲ್ಲ, ಕಾಕಾ” ಎಂದಳು.

ಈ ಉತ್ತರವೇ ನಮ್ಮ ವಿಮರ್ಶೆಯ ಬೀಜ. ಬಲ್ಲವರು ಈ ದೋಷಕ್ಕೆ ಪರಿಹಾರ ಸೂಚಿಸದೆ ಇಲ್ಲ. ಬಂಗಾಳದಲ್ಲಿ ಕೆಲಸ ಮಾಡಿದ ಮೈಕೇಲ್ ವೆಸ್ಟ್ ೧೯೨೬ರಷ್ಟು ಹಿಂದೆಯೇ, ಭಾರತದ ವಿದ್ಯಾರ್ಥಿಗೆ ಮೊದಲು ಬೇಕಾದದ್ದು ಇಂಗ್ಲಿಷಿನಲ್ಲಿ ಓದುವ ಶಕ್ತಿಯೆಂದು ವಾದಿಸಿದರು. ಶಬ್ದಗಳನ್ನು ಮಿತಿಗೊಳಿಸಿ ವಾಚನಮಾಲೆಗಳನ್ನು ರಚಿಸಿದರು. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರು ನಡೆಸಿದ, ಬೆಂಗಳೂರಿನ ಹೆಸರು ಹೊತ್ತ ಯೋಜನೆಯಲ್ಲಿ ಮಕ್ಕಳು ವ್ಯಾಕರಣ ಸೂತ್ರಗಳಿಗೆ ಬದಲು ನಕ್ಷೆ, ವೇಳಾಪಟ್ಟಿಗಳನ್ನು ಓದಿ, ತರ್ಕಿಸಿ, ಸಮಸ್ಯೆ ಬಿಡಿಸುತ್ತ ಭಾಷೆ ಕಲಿತರು. ಇವೆರಡೂ ಗೌರವಾರ್ಹ ಪ್ರಯತ್ನಗಳು. ಆದರೂ ವೆಸ್ಟರ ದೃಷ್ಟಿಯಲ್ಲಿ ಬರವಣಿಗೆ ಹಿಂದೆ ಸರಿಯಿತು. ಪ್ರಭು ಅವರು ಅಭಿಪ್ರಾಯಕ್ಕಿಂತ ತರ್ಕಕ್ಕೆ ಪ್ರಾಶಸ್ತ್ಯ ಕೊಟ್ಟರು. ರೈಲು ಎಷ್ಟು ಗಂಟೆಗೆ ಹೊರಡುತ್ತದೆಂದು ಮಗು ಲೆಕ್ಕ ಹಾಕಬಲ್ಲದು. ಆ ರೈಲಿನಲ್ಲಿ ತಾನು ಕಂಡದ್ದೇನೆಂದು ಹೇಳುವ ಅವಕಾಶ ಅದಕ್ಕೆ ಇನ್ನೂ ಸಿಕ್ಕಲಿಲ್ಲ.

ನಿಜವಾದ ಓದು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಸೂರತ್ತಿನ ನರ್ಮದನೇ ನಿದರ್ಶನ. ಮುಂಬಯಿಯಲ್ಲಿ ಇಂಗ್ಲಿಷ್ ವಿದ್ಯೆ ಪಡೆದ ಆತ ೧೮೫೧ರಲ್ಲಿ ರಚಿಸಿದ ಪ್ರಬಂಧವನ್ನು ಗುಜರಾತಿಯ ಮೊದಲ ಪ್ರಬಂಧವೆಂದು ಗಣಿಸುತ್ತಾರೆ. ನಮ್ಮಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿದರು. ವಿ. ಕೃ. ಗೋಕಾಕರು ಇದೇ ಗುಜರಾತಿನ ವಿಸನಗರದಲ್ಲಿ ಪ್ರಾಂಶುಪಾಲರಾಗಿದ್ದವರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದವರು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ೧೯೮೧ರ ವರದಿಯಲ್ಲಿ ಹೇಳಿದವರೂ ಅವರೇ. ಇದರಲ್ಲಿ ವಿರೋಧವನ್ನು ಕಾಣುವವರುಂಟು, ನಮಗೆ ಕಾಣದು. ಒಂದು ಭಾಷೆಯಲ್ಲಿ ಸ್ವಂತ ಮಾತಾಡಬಲ್ಲವನೇ ಇನ್ನೊಂದರಲ್ಲಿ ಸ್ವಂತ ಮಾತನ್ನು ಅರಸುತ್ತಾನೆ.

ಹೊರನಾಡಿನ ನಮ್ಮ ಮಕ್ಕಳ ಅಪಾಯ ಇಲ್ಲಿದೆ. ಗುಜರಾತಿ, ಹಿಂದಿ, ಇಂಗ್ಲಿಷುಗಳ ಲಿಪಿ ಅವರಿಗೆ ಬರುತ್ತದೆ. ಕನ್ನಡ ಬಹುಮಟ್ಟಿಗೆ ನಾಲಗೆಯ ಮೇಲಷ್ಟೇ ಉಳಿದಿದೆ. ಬರೆಯಬಲ್ಲ ಭಾಷೆಗಳಲ್ಲಿ ಗೈಡಿನ ಮಾತು, ಸ್ವಂತ ಮಾತಿರುವ ಭಾಷೆಯಲ್ಲಿ ಅಕ್ಷರವಿಲ್ಲ. ಹೀಗಾದರೆ ನಾಲ್ಕು ಭಾಷೆಗಳ ನಡುವೆ ಬೆಳೆದ ಮಗು ಒಂದರಲ್ಲೂ ಬರಹಗಾರನಾಗದು.

ಅರವತ್ತು ನೋಟುಬುಕ್ಕುಗಳನ್ನು ತಿದ್ದುವ ಶಿಕ್ಷಕರನ್ನು ದೂರುವುದು ನ್ಯಾಯವಲ್ಲ. ಒಂದೇ ಮಾದರಿಯ ಉತ್ತರ ತಿದ್ದಲು ಸುಲಭ, ಅಂಕ ಕೊಡಲೂ ಸುಲಭ. ಪರೀಕ್ಷೆ ಬದಲಾಗದೆ ತರಗತಿ ಪೂರ್ತಿ ಬದಲಾಗದೆಂಬುದೂ ನಿಜ. ಆದರೆ ತಿಂಗಳಿಗೊಂದು ಬರಹವನ್ನು ಅಂಕವಿಲ್ಲದೆ ಬರೆಸಬಹುದು. ಮಗು ಕಂಡದ್ದನ್ನು ಮೊದಲು ಮನೆಮಾತಿನಲ್ಲಿ ಹೇಳಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ಶಿಕ್ಷಕರು ಎಲ್ಲ ತಪ್ಪುಗಳನ್ನೂ ಕೆಂಪಾಗಿಸದೆ ಎರಡು ಮೂರನ್ನು ಮಾತ್ರ ತೋರಿಸಲಿ. ನಮ್ಮ ಸಂಘಗಳು ರಜಾದಿನದ ಕನ್ನಡ ವರ್ಗಗಳಲ್ಲಿ ಅದೇ ಬರಹವನ್ನು ಕನ್ನಡ ಅಕ್ಷರದಲ್ಲೂ ಬರೆಸಲಿ. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ.

ಆ ಹುಡುಗಿಯ ನೋಟುಬುಕ್ಕಿನಲ್ಲಿ ಹಿಮಗಿರಿಗೆ ಹತ್ತರಲ್ಲಿ ಎಂಟು ಅಂಕ ಬಿದ್ದಿತ್ತು. ನರ್ಮದೆಗೆ ಇನ್ನೂ ಒಂದು ಪುಟ ಸಿಕ್ಕಿಲ್ಲ. ಆ ಪುಟವನ್ನು ಒದಗಿಸುವ ಹೊಣೆ ಶಾಲೆಯದಷ್ಟೇ ನಮ್ಮದೂ ಹೌದು.