ಮಾತ್ಸುಯಿ ಮತ್ತು ನಿಕಾಲಿಯಾಗದ ಫೈನಲ್

ಕ್ಯೋಕುಶಿನ್ ಕರಾಟೆಯಲ್ಲಿ ಶೋಕೇ ಮಾತ್ಸುಯಿ ಅವರಷ್ಟು ತುಂಬಿದ ದಾಖಲೆ ಇರುವವರು ಕಡಿಮೆ. 17ನೇ ವಯಸ್ಸಿಗೆ ಅಖಿಲ ಜಪಾನ್ ಟೂರ್ನಿಯಲ್ಲಿ ನಾಲ್ಕನೇ ಸ್ಥಾನ. 1984ರ ವಿಶ್ವ ಟೂರ್ನಿಯಲ್ಲಿ ಮೂರನೆಯದು. 1985 ಮತ್ತು 1986ರಲ್ಲಿ ಸಾಲಾಗಿ ಎರಡು ಸಲ ಅಖಿಲ ಜಪಾನ್ ಪ್ರಶಸ್ತಿ, 1987ರಲ್ಲಿ ವಿಶ್ವ ಪ್ರಶಸ್ತಿ. ಆಗವರಿಗೆ 24. ಅಲ್ಲಿಗೆ ಟೂರ್ನಿಗೆ ಕೈಮುಗಿದರು. ಏಳು ವರ್ಷ ಕಳೆಯುವಷ್ಟರಲ್ಲಿ ದೇಶದೇಶಗಳಲ್ಲಿ ಶಾಖೆಗಳಿದ್ದ ಕ್ಯೋಕುಶಿನ್ ಸಂಸ್ಥೆಯ ಗದ್ದುಗೆಯ ಮೇಲೆಯೇ ಕೂತಿದ್ದರು.

ಇಷ್ಟು ಓದಿದ ಮೇಲೆ ತಲೆದೂಗುವುದು ಸುಲಭ. ಆದರೆ ಪುಣೆ ಪಕ್ಕದ ನಮ್ಮ ಭೋಸರಿಯಲ್ಲಿ ತಲೆದೂಗಿಸುವುದು ಅಷ್ಟು ಸುಲಭವಿಲ್ಲ. ಇದು ಕುಸ್ತಿಯ ಊರು. ಭೈರವನಾಥನ ಉತ್ಸವಕ್ಕೆ ಹಲಗಿ ಬಡಿಯತೊಡಗಿದರೆ ಎಂಐಡಿಸಿ ಕಾರ್ಖಾನೆಗಳ ಶಿಫ್ಟು ಮುಗಿಸಿದವರೂ ಕಣದ ಸುತ್ತ ಬಂದು ಕೂರುತ್ತಾರೆ. ಅವರಲ್ಲಿ ಕಲಬುರಗಿ, ಬೀದರ್, ವಿಜಯಪುರದ ಕಡೆಯಿಂದ ದುಡಿಯಲು ಬಂದು ಇಲ್ಲೇ ನೆಲೆ ನಿಂತ ನಮ್ಮವರೂ ಇರುತ್ತಾರೆ. ಊರ ಜಾತ್ರೆಯಲ್ಲಿ ಕಂಡದ್ದನ್ನೇ ಅವರು ಇಲ್ಲಿಯೂ ಕಾಣುವುದು. ಕುಸ್ತಿ ಮುಗಿದ ಮೇಲೆ ಅವರು ಕೇಳುವುದು ಒಂದೇ ಮಾತು: ನಿಕಾಲಿ ಆಯ್ತೋ, ಬರಾಬರಿ ಬಿಟ್ಟರೋ? ಬೆನ್ನು ಮಣ್ಣಿಗೆ ಹತ್ತಿದರೆ ನಿಕಾಲಿ. ಅಂಕ ಎಣಿಸಿ ಕೈ ಎತ್ತಿಸಿದ್ದು ಅವರ ಲೆಕ್ಕಕ್ಕೆ ಅರ್ಧ ಗೆಲುವು. ಇದೇ ಪ್ರಶ್ನೆಯನ್ನು ಮಾತ್ಸುಯಿಗೂ ಕೇಳಬೇಕು ಅನ್ನುವುದು ನನ್ನ ಹಟ. ಯಾಕೆಂದರೆ ಅವರ ಪಂಥ ಹುಟ್ಟಿದ್ದೇ ನಿಕಾಲಿ ಕರಾಟೆ ಕೊಡುತ್ತೇವೆ ಎಂಬ ಮಾತಿನ ಮೇಲೆ.

ಆ ಮಾತು ಕೊಟ್ಟವರು ಮಾಸುತಾತ್ಸು ಒಯಾಮಾ. 1923ರಲ್ಲಿ ಕೊರಿಯಾದಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ ಮನುಷ್ಯ. ಗೂಳಿಗಳ ಜೊತೆ ಬರಿಗೈಯಲ್ಲಿ ಸೆಣಸಿ ಹೆಸರಾದವರು. ಆಗಿನ ಕರಾಟೆಯಲ್ಲಿ ಗುದ್ದು ಎದುರಾಳಿಯ ಮೈಗೆ ತಾಗುವ ಮೊದಲೇ ನಿಲ್ಲಬೇಕಿತ್ತು. ಒಯಾಮಾ ಅದನ್ನು ಕುಣಿತವೆಂದು ಗೇಲಿ ಮಾಡಿದರು. 1969ರಲ್ಲಿ ಅಖಿಲ ಜಪಾನ್ ಟೂರ್ನಿ, 1975ರಲ್ಲಿ ವಿಶ್ವ ಟೂರ್ನಿ ಶುರು ಮಾಡಿದರು. ಗ್ಲೌಸಿಲ್ಲ, ತೂಕದ ವರ್ಗವಿಲ್ಲ. ಬಿದ್ದವನು ಮೂರು ಸೆಕೆಂಡಿನಲ್ಲಿ ಏಳದಿದ್ದರೆ ಆಟ ಮುಗಿಯಿತು. ಕೇಳಿದರೆ ನಮ್ಮ ಕುಸ್ತಿ ಕಲಿಸುವ ವಸ್ತಾದರೂ ಮೆಚ್ಚುವ ನಿಯಮ.

ನಿಯಮಪಟ್ಟಿಯನ್ನು ಪೂರ್ತಿ ಓದಿದರೆ ಮಾತ್ರ ರಾಜಿಯ ವಾಸನೆ ಹತ್ತುತ್ತದೆ. ಮುಖಕ್ಕೆ ಕೈಯಿಂದ ಗುದ್ದುವಂತಿಲ್ಲ. ಕಾಲಿನಿಂದ ತಲೆಗೆ ಒದೆಯಬಹುದು. ಹಿಡಿಯುವಂತಿಲ್ಲ. ಇದರ ಫಲ ಕಣದಲ್ಲಿ ಕಣ್ಣಿಗೇ ಕಾಣುತ್ತದೆ. ಇಬ್ಬರೂ ಎದೆಗೆ ಎದೆ ಕೊಟ್ಟಷ್ಟು ಹತ್ತಿರ ನಿಂತು ಎದೆ, ಹೊಟ್ಟೆ, ಪಕ್ಕೆಗಳಿಗೆ ಗುದ್ದುತ್ತಲೇ ಇರುತ್ತಾರೆ. ಗುದ್ದಿನಿಂದ ಮುಖ ಕಾಯುವ ಕೆಲಸವಿಲ್ಲದ್ದರಿಂದ ಕೈಗಳು ಕೆಳಗಿಳಿದಿರುತ್ತವೆ. ನಡುನಡುವೆ ಮೊಣಕಾಲ ಕೆಳಗಿನ ಎಲುಬು ಎದುರಾಳಿಯ ತೊಡೆಯ ಹೊರಮಗ್ಗುಲಿಗೆ ಬಡಿಯುತ್ತದೆ. ಒಂದೇ ಜಾಗಕ್ಕೆ ಅದೇ ಏಟು ಬೀಳುತ್ತಾ ಹೋದರೆ ಸ್ನಾಯು ಗಡ್ಡೆಕಟ್ಟಿ, ಕಾಲು ಮೈಭಾರ ಹೊರಲಾರದೆ ಹೋಗುತ್ತದೆ. ತಲೆಗೆ ಏಟೇ ಬೀಳದೆ ಗಟ್ಟಿ ಆಳು ಕುಸಿದು ಕೂರುತ್ತಾನೆ. ನೋಡಲು ಭಯವಾಗುತ್ತದೆ. ಆದರೂ ಬೀದಿಯ ಜಗಳದಲ್ಲಿ ಮೊದಲ ಗುದ್ದು ಎಲ್ಲಿಗೆ ಬೀಳುತ್ತದೆ ಎಂಬುದು ಚಿಕ್ಕ ಹುಡುಗನಿಗೂ ಗೊತ್ತು. ಈ ಕೊರತೆಯನ್ನು ಒಳಗಿನವರೇ ಕಂಡಿದ್ದರು. 1977ರ ಅಖಿಲ ಜಪಾನ್ ಚಾಂಪಿಯನ್ ತಕಾಶಿ ಅಜುಮಾ 1981ರಲ್ಲಿ ಹೊರನಡೆದು ಸ್ವಂತ ಪಂಥ ಕಟ್ಟಿದರು. ತಲೆಗೆ ರಕ್ಷಾಕವಚ ಹಾಕಿಸಿ, ಮುಖದ ಗುದ್ದಿಗೂ ಎತ್ತಿ ಹಾಕುವ ಪಟ್ಟಿಗೂ ಜಾಗ ಕೊಟ್ಟರು.

ಈ ಇಕ್ಕಟ್ಟಿನೊಳಗೆ ಮಾತ್ಸುಯಿ ಚೆಂದವಾಗಿ ಆಡಿದರು. ಸಮಕಾಲೀನರು ಭಾರದಿಂದ ದಬ್ಬುತ್ತಿದ್ದಾಗ ಇವರು ತಿರುಗಿ ಒದೆಯುವ, ದೂರವನ್ನು ಅಳೆದು ಹೊಡೆಯುವ ಆಟ ತಂದರು. ಎರಡು ವಿಶ್ವ ಪ್ರಶಸ್ತಿ ಗೆದ್ದ ದೈತ್ಯ ಮಕೋತೊ ನಕಾಮುರಾ ಅವರ ಪಕ್ಕ ಇಟ್ಟು ನೋಡಿದರೆ ಕುಶಲತೆಯಲ್ಲಿ ಮಾತ್ಸುಯಿ ಒಂದು ತೂಕ ಹೆಚ್ಚೇ.

ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಪ್ರಶಸ್ತಿಯೇ ಇಲ್ಲದ ಒಂದು ದಿನ. 1986ರ ಮೇ ತಿಂಗಳಲ್ಲಿ ಅವರು ನೂರು ಜನರ ಕುಮಿತೆಗೆ, ಅಂದರೆ ನೂರು ಸೆಣಸಾಟಗಳ ಸರಣಿಗೆ ನಿಂತರು. ಒಬ್ಬ ಮುಗಿಸಿದೊಡನೆ ಮತ್ತೊಬ್ಬ, ದಣಿವಿಲ್ಲದ ಮೈ ಹೊತ್ತು ಎದುರು ಬರುತ್ತಾನೆ. ಅದಕ್ಕೆ ಹಿಂದಿನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಇದನ್ನು ಪೂರೈಸಿರಲಿಲ್ಲ. ಮಾತ್ಸುಯಿ 2 ಗಂಟೆ 24 ನಿಮಿಷದಲ್ಲಿ ಪೂರೈಸಿದರು: 75 ಗೆಲುವು, 13 ಸಮ, 12 ಸೋಲು. ಆ 75ರಲ್ಲಿ 46 ಪೂರ್ಣ ಗೆಲುವು. ನನಗೆ ಹಿಡಿಸುವುದು ಆ 12. ವೀರಗಾಥೆ ಬರೆಯುವವರು ಮುಚ್ಚಿಡುವ ಅಂಕಿ ಅದು. ಸಂಸ್ಥೆ ಅದನ್ನು ದಾಖಲಿಸಿತು, ಮಾತ್ಸುಯಿ ಹೊತ್ತುಕೊಂಡರು. ನೂರು ಜನರನ್ನು ಎದುರಿಸುವುದರ ಬೆಲೆಯೂ ಸಣ್ಣದಲ್ಲ. ಇದೇ ಪರೀಕ್ಷೆಗೆ ನಿಂತ ಕೆಲವರು ಆಮೇಲೆ ಆಸ್ಪತ್ರೆ ಸೇರಿದ್ದಾರೆ. ಮೈಯ ಸ್ನಾಯು ಜಜ್ಜಿ ಕರಗಿದ್ದು ಮೂತ್ರಪಿಂಡಕ್ಕೆ ಭಾರವಾಗುತ್ತದೆ. ಇದನ್ನು ಸಾಧನೆ ಎನ್ನಬೇಕೋ ದೇಹದಂಡನೆ ಎನ್ನಬೇಕೋ ಎಂಬಲ್ಲಿ ನನ್ನ ಮನಸ್ಸು ಇನ್ನೂ ಎರಡಾಗಿಯೇ ಇದೆ.

ಇಲ್ಲಿನ ಸೊಸೈಟಿಗಳ ಪಾರ್ಕಿಂಗ್ ಜಾಗದಲ್ಲಿ ಸಂಜೆ ನಡೆಯುವ ಕರಾಟೆ ಕ್ಲಾಸಿನಲ್ಲಿ ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಾರೆ. ಫೀಸು ಕಟ್ಟಿ ಪರೀಕ್ಷೆಗೆ ಕೂತರೆ ಬೆಲ್ಟಿನ ಬಣ್ಣ ಬದಲಾಗುತ್ತದೆ, ಅಪ್ಪ ಅಮ್ಮ ಫೋಟೊ ತೆಗೆಯುತ್ತಾರೆ. ಯಾರೂ ಸೋಲುವುದಿಲ್ಲ. ಆ 12 ಸೋಲಿನ ಬೆಲೆ ಅಂಥ ಕ್ಲಾಸು ನೋಡಿದಾಗಲೇ ಗೊತ್ತಾಗುವುದು.

ಇನ್ನು 1987ರ ವಿಶ್ವ ಫೈನಲ್. ಎದುರಿಗೆ ಸ್ವಿಟ್ಜರ್ಲೆಂಡಿನ ಆಂಡಿ ಹುಗ್, ಕಾಲನ್ನು ತಲೆಯ ಮೇಲಕ್ಕೆತ್ತಿ ಹಿಮ್ಮಡಿಯನ್ನು ಕೊಡಲಿಯಂತೆ ಇಳಿಸುವವರು. ಯುರೋಪಿನವರೊಬ್ಬರು ಫೈನಲ್ ತನಕ ಬಂದದ್ದು ಅದೇ ಮೊದಲು. ಇಬ್ಬರಲ್ಲಿ ಯಾರೂ ಬೀಳಲಿಲ್ಲ. ತೀರ್ಪುಗಾರರ ಬಾವುಟ ಮಾತ್ಸುಯಿ ಕಡೆ ಏರಿತು. ಆ ತೀರ್ಪಿನ ಬಗ್ಗೆ ವಾದ ಇಂದಿಗೂ ನಿಂತಿಲ್ಲ. ಮೋಸವಾಯಿತೆಂದು ನಾನು ಹೇಳಲಾರೆ. ಆದರೆ ಬಿದ್ದವನೇ ಸೋತವನೆಂದು ಸಾರಿಕೊಂಡು ಬಂದ ಪಂಥದ ಅತಿ ದೊಡ್ಡ ಕಾಳಗ ನಿಕಾಲಿಯಾಗದೆ, ಬಾವುಟದ ಮೇಲೆ ಮುಗಿಯಿತು. ಸಮವಾದಾಗ ತೂಕದ ಅಂತರ ನೋಡುವುದು, ಅದೂ ಸಾಲದಿದ್ದರೆ ಯಾರು ಹೆಚ್ಚು ಹಲಗೆ ಮುರಿದರೆಂದು ಎಣಿಸುವುದು, ಇವೂ ಅಲ್ಲಿನ ಪದ್ಧತಿಯಲ್ಲೇ ಇದ್ದವು. ನಿಕಾಲಿಯ ಮಾತು ಉಳಿಸಿಕೊಳ್ಳಲು ಲೆಕ್ಕಪತ್ರದ ಊರುಗೋಲು ಬೇಕಾಯಿತು.

ನಮ್ಮ ಕಣದ ಅಳತೆಗೋಲು ಮಾತ್ರ ನೆಟ್ಟಗಿದೆ ಎಂದು ಬೀಗುವಂತೆಯೂ ಇಲ್ಲ. 2025ರ ಫೆಬ್ರುವರಿಯಲ್ಲಿ ಅಹಿಲ್ಯಾನಗರದ ಮಹಾರಾಷ್ಟ್ರ ಕೇಸರಿ ಕುಸ್ತಿ ಪಂದ್ಯಾವಳಿಯಲ್ಲಿ, ಭೋಸರಿ ದಾಟಿ ನಾಶಿಕ್ ಹೆದ್ದಾರಿ ಹಿಡಿದರೆ ಸಿಗುವ ರಾಜಗುರುನಗರದ ಕಡೆಯ ಪೈಲ್ವಾನ ಶಿವರಾಜ್ ರಾಕ್ಷೆ, ತನ್ನ ಬೆನ್ನು ತಾಗಿಯೇ ಇಲ್ಲವೆಂದು ಪಂಚರ ಮೇಲೆ ಕೈಕಾಲು ಮಾಡಿ ಮೂರು ವರ್ಷದ ನಿಷೇಧ ಹೊತ್ತರು. ಅಂಕದ ಕರಾಟೆ ಇನ್ನೂ ವಿಚಿತ್ರ. ಟೋಕಿಯೊ ಒಲಿಂಪಿಕ್ಸಿನ ಫೈನಲ್ಲಿನಲ್ಲಿ ಮುಂದಿದ್ದ ಸೌದಿಯ ತಾರೆಗ್ ಹಮೇದಿ ಒದ್ದ ರಭಸಕ್ಕೆ ಇರಾನಿನ ಎದುರಾಳಿ ಪ್ರಜ್ಞೆ ತಪ್ಪಿ ಬಿದ್ದರು. ಏಟು ಜೋರಾಯಿತೆಂದು ಹಮೇದಿಯನ್ನೇ ಅನರ್ಹಗೊಳಿಸಿದರು. ಚಿನ್ನ, ಮಲಗಿದ್ದವರ ಪಾಲಾಯಿತು.

ಗದ್ದುಗೆಯ ಕಥೆಯಲ್ಲಿ ಮಾತ್ಸುಯಿ ನನಗೆ ಅಷ್ಟಾಗಿ ಒಗ್ಗುವುದಿಲ್ಲ. 1994ರ ಏಪ್ರಿಲ್‌ನಲ್ಲಿ ಒಯಾಮಾ ತೀರಿಕೊಂಡರು. ಆಸ್ಪತ್ರೆಯಲ್ಲಿ ಬರೆಸಿದ್ದೆನ್ನಲಾದ ಉಯಿಲು ಮಾತ್ಸುಯಿಯನ್ನು ವಾರಸುದಾರನೆಂದಿತು. ಮನೆಯವರು ಒಪ್ಪಲಿಲ್ಲ, 1995ರಲ್ಲಿ ನ್ಯಾಯಾಲಯವೂ ಆ ಉಯಿಲನ್ನು ಮಾನ್ಯ ಮಾಡಲಿಲ್ಲ. ಸಂಸ್ಥೆ ಹೋಳಾಯಿತು. ಒಂದು ಬಣ ಕೊನೆಗೆ 1991ರ ವಿಶ್ವ ಚಾಂಪಿಯನ್, ಆಳಿನಲ್ಲಿ ಗಿಡ್ಡರಾದ ಕೆಂಜಿ ಮಿದೋರಿಯ ಬೆನ್ನಿಗೆ ನಿಂತು, 2003ರಲ್ಲಿ ಶಿನ್‌ಕ್ಯೋಕುಶಿನ್‌ಕೈ ಎಂದು ಹೆಸರಿಟ್ಟುಕೊಂಡಿತು. ಬಣಕ್ಕೊಂದು ವಿಶ್ವ ಟೂರ್ನಿ, ಟೂರ್ನಿಗೊಬ್ಬ ವಿಶ್ವ ಚಾಂಪಿಯನ್. ಮಹಾರಾಷ್ಟ್ರದಲ್ಲೂ 2023ರ ನವೆಂಬರ್‌ನಲ್ಲಿ ಎರಡು ಕಡೆ ಎರಡು ಕೇಸರಿ ಪಟ್ಟ ಕಟ್ಟಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಮುಖ್ಯಸ್ಥರಾಗಿ ಮಾತ್ಸುಯಿ ಒಂದು ಧೈರ್ಯದ ಕೆಲಸ ಮಾಡಿದರು: ತಮ್ಮ ಆಟಗಾರರನ್ನು ಮುಖಕ್ಕೆ ಗುದ್ದು ಬೀಳುವ ಕೆ-1 ಕಿಕ್‌ಬಾಕ್ಸಿಂಗ್ ರಿಂಗಿಗೆ ಕಳಿಸಿದರು. ಅದು ಎಂಥ ಜಾಗವೆಂದು ಅವರಿಗೆ ಗೊತ್ತಿತ್ತು. 1994ರಲ್ಲಿ ಅದೇ ರಿಂಗಿನಲ್ಲಿ ಆಂಡಿ ಹುಗ್ 19 ಸೆಕೆಂಡಿನಲ್ಲಿ ಸೋತಿದ್ದರು, ಪಟ್ಟು ಬಿಡದೆ ಕಲಿತು 1996ರಲ್ಲಿ ಪ್ರಶಸ್ತಿಯನ್ನೂ ಗೆದ್ದಿದ್ದರು. 1997ರ ಜುಲೈನಲ್ಲಿ ಮಾತ್ಸುಯಿ ಬಣದ ಬ್ರೆಜಿಲಿನ ಫ್ರಾನ್ಸಿಸ್ಕೊ ಫಿಲ್ಯೊ ಗ್ಲೌಸು ತೊಟ್ಟು ಹುಗ್ ಎದುರು ನಿಂತರು. ಮೊದಲ ಸುತ್ತಿನಲ್ಲೇ ಹುಗ್ ನೆಲಕ್ಕುರುಳಿದರು. ಬಾವುಟ ಎತ್ತುವ ಪ್ರಮೇಯವೇ ಬರಲಿಲ್ಲ. ಮಾತ್ಸುಯಿಗೆ ಆಗ 34 ವರ್ಷ. ಹತ್ತು ವರ್ಷದ ಹಿಂದೆ ತಮ್ಮಿಂದ ನಿಕಾಲಿಯಾಗದೆ ಉಳಿದ ಎದುರಾಳಿಯನ್ನು ಬೇರೆಯವರು ಮುಗಿಸಿದ್ದರು.